ಚೆನ್ನೆಮಣೆ: ಮೊದಲ ಸರದಿಗೆ ಯಾವ ಗುಳಿ ಎತ್ತಬೇಕು?

ಬದಿಯಡ್ಕದವ
ಆಟಿ (ತುಳುವರ ಮಳೆಗಾಲದ ತಿಂಗಳು) ಬಂತು, ಅಟ್ಟದಿಂದ ಚೆನ್ನೆಮಣೆ ಇಳಿಯಿತು. ಎರಡು ಸಾಲಿನಲ್ಲಿ ಏಳೇಳರಂತೆ 14 ಗುಳಿ, ಗುಳಿಗೆ 4ರಂತೆ 56 ಕಾಯಿ, ಅಂದರೆ ಮಂಜೊಟ್ಟಿಯ ಕೆಂಪು ಬೀಜ. ಇಲ್ಲಿಯ ಕ್ರಮ ಹೀಗೆ: ತನ್ನ ಸಾಲಿನ ಒಂದು ಗುಳಿ ಎತ್ತಿ ಬಲಕ್ಕೆ ಒಂದೊಂದೇ ಕಾಯಿ ಹಾಕುತ್ತಾ ಹೋಗುವುದು. ಕೈ ಖಾಲಿಯಾದಾಗ ಅದರ ಮುಂದಿನ ಗುಳಿ ಎತ್ತುವುದು. ಮುಂದಿನದ್ದು ಖಾಲಿ ಇದ್ದರೆ ಅದರಾಚೆಯ ಗುಳಿಯ ಕಾಯಿ ನಮಗೆ, ಸರದಿ ಎದುರಿನವರಿಗೆ. ಮೊದಲ ಸರದಿಯಲ್ಲಿ ಯಾವ ಗುಳಿ ಎತ್ತಿದರೆ ಲಾಭ? ಅಕ್ಕ-ತಂಗಿ ಎದುರುಬದುರು ಕೂತು ಆಡಬಾರದು ಅಂತ ಹೇಳುವುದು ಯಾಕೆ?

ಎಣ್ಮಕಜೆ
ನೀವು ಹೇಳಿದ ಕ್ರಮದಲ್ಲಿ ಯಾವುದನ್ನು ಎತ್ತಿದರೂ 6 ಕಾಯಿಯೇ. ಎಲ್ಲಾ ಗುಳಿಗಳಲ್ಲೂ 4 ಇರುವಾಗ ಮಣೆ ಒಂದು ಚಕ್ರ ಇದ್ದ ಹಾಗೆ, ಎಲ್ಲಿಂದ ಹೊರಟರೂ ದಾರಿ ಒಂದೇ.

ನಿಮ್ಮ ಎಡತುದಿಯ ಗುಳಿ 1, ಬಲತುದಿಯದ್ದು 7, ಅದರ ಎದುರಿನದ್ದು 8, ನಿಮ್ಮ 1ರ ಎದುರಿಗೆ 14 ಅಂತ ಇಟ್ಟುಕೊಳ್ಳಿ. 1ರಿಂದ ಹೊರಟರೆ ಎತ್ತುವ ಗುಳಿಗಳು ಕ್ರಮವಾಗಿ 1, 6, 11, 2, 8, 14, ಮತ್ತೆ 6. ಕೈಗೆ ಬರುವ ಕಾಯಿ 4, 4, 4, 5, 5, 5, 1. ಆ ಕೊನೆಯ ಒಂಟಿ ಕಾಯಿ 7ಕ್ಕೆ ಬೀಳುತ್ತದೆ, 8 ಖಾಲಿ, 9ರಲ್ಲಿ 6 ಕಾಯಿ. ಅದು ನಿಮ್ಮದು. ಬೇರೆ ಲೆಕ್ಕ ಬಂದರೆ ನಡುವೆ ಎಲ್ಲೋ ಒಂದೇ ಗುಳಿಗೆ ಎರಡು ಕಾಯಿ ಬಿದ್ದಿದೆ. ಮಂಜೊಟ್ಟಿ ನುಣುಪು, ಬೆರಳ ಸಂದಿಯಿಂದ ಜೋಡಿಯಾಗಿ ಜಾರುವುದು ಸಾಮಾನ್ಯ. ಮಣೆಯಲ್ಲಿ ಉಳಿದದ್ದು 50 ಇದೆಯಾ ನೋಡಿ.

ಹಾಕುತ್ತಾ ಹೋಗುವಾಗ ಗುಳಿಯಲ್ಲಿ 4 ಆದರೆ ಅದು ಆ ಸಾಲಿನವರಿಗೆ ಎನ್ನುವ ಕ್ರಮವೂ ಹಲವು ಕಡೆ ಉಂಟು. ಮೊದಲ ಸರದಿಗೆ ಅದು ತಾಗುವುದಿಲ್ಲ. ಎತ್ತದ ಗುಳಿಗಳು 4ರಿಂದ ಮೇಲಕ್ಕೇ ಹೋಗುತ್ತವೆ, ಎತ್ತಿ ಖಾಲಿಯಾದದ್ದು 2 ದಾಟುವುದಿಲ್ಲ.

ಕುಂಬಳೆ ಪೇಟೆ
ಗೆದ್ದ ಗುಳಿಯ ಎದುರು ಗುಳಿಯನ್ನೂ ಬಾಚುವ ಕ್ರಮ ಇದ್ದರೆ ಈ ಸಮಾನತೆ ಮುರಿಯುತ್ತದೆ ಮಾರಾಯ್ರೆ. ಆಗ ಎಡದಿಂದ ಎರಡನೇ ಗುಳಿಯೇ ಎತ್ತಬೇಕು. ಗೆಲ್ಲುವುದು 10ನೇ ಗುಳಿಯ 6, ಅದರ ಎದುರಿನ 5ರಲ್ಲಿ 7 ಕೂತಿರುತ್ತದೆ, ಒಟ್ಟು 13. ಐದು, ಆರನೆಯವಕ್ಕೆ 12, ಮೂರಕ್ಕೆ 7. ಒಂದು, ನಾಲ್ಕು, ಏಳರಿಂದ ಹೊರಟವರಿಗೆ ಬರೀ 6, ಎದುರು ಗುಳಿ ಖಾಲಿ. ಹಾಗಾಗಿ ಕಾಯಿ ತುಂಬುವ ಮೊದಲೇ ಎದುರು ಗುಳಿ ಉಂಟಾ ಇಲ್ಲವಾ ಎಂದು ಮಾತಾಡಿಕೊಳ್ಳಿ. ಜಗಳ ಶುರುವಾಗುವುದೇ ಅಲ್ಲಿ.

ಪೈವಳಿಕೆ
ಅಕ್ಕ-ತಂಗಿಯರ ಮಾತು ಸಿರಿ ಪಾಡ್ದನದಿಂದ, ಅಂದರೆ ಸಿರಿಯ ಕಥೆ ಹೇಳುವ ತುಳು ಜನಪದ ಹಾಡಿನಿಂದ ಬಂದದ್ದು. ಸಿರಿಯ ಮಗಳು ಸೊನ್ನೆ, ಸೊನ್ನೆಯ ಅವಳಿ ಮಕ್ಕಳು ಅಬ್ಬಗ-ದಾರಗ. ಮಕ್ಕಳಾಗಲಿ ಎಂದು ಹೊತ್ತ ಹರಕೆ ಮರೆತುಹೋಗಿರುತ್ತದೆ. ಹುಡುಗಿಯರು ಚೆನ್ನೆ ಆಡಲು ಕೂರುತ್ತಾರೆ, ಸೋಲು-ಗೆಲುವಿಗೆ ಮಾತು ಬೆಳೆಯುತ್ತದೆ, ಒಬ್ಬಳು ಮಣೆಯನ್ನೇ ಎತ್ತಿ ಇನ್ನೊಬ್ಬಳಿಗೆ ಹೊಡೆಯುತ್ತಾಳೆ. ಸತ್ತವಳನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಇದನ್ನು ಬರೀ ಆಟದ ಜಗಳ ಎಂದು ಓದಿದರೆ ಪಾಡ್ದನದ ತೂಕವೇ ಹೋಗುತ್ತದೆ. ತೀರದ ಹರಕೆ ಮಣೆಯ ಮೂಲಕ ಕೇಳಿ ಪಡೆಯುತ್ತದೆ. ಕವತ್ತಾರಿನಂಥ ಆಲಡೆಗಳ (ಸಿರಿಯ ಆರಾಧನೆ ನಡೆಯುವ ಸ್ಥಳಗಳ) ಸಿರಿ ಜಾತ್ರೆಯಲ್ಲಿ ಇವತ್ತಿಗೂ ಅಬ್ಬಗ-ದಾರಗರ ಆವೇಶ ಆಗುತ್ತದೆ.

ಜೊತೆಗೆ ಯಾರೂ ಇಲ್ಲದಿದ್ದರೆ ಸೀತೆ ಆಟ ಉಂಟು. ಅಶೋಕವನದಲ್ಲಿ ಸೀತೆ ಒಬ್ಬಳೇ ಆಡಿದ್ದು ಅಂತ ನಂಬಿಕೆ. ಒಂದೇ ಸಾಲು ಸಾಕು. ಎಡದಿಂದ 7, 6, 5, 4, 3, 2, 1 ತುಂಬಿ, ಒಟ್ಟು 28. 7 ಇರುವ ಗುಳಿ ಎತ್ತಿ ಬಲಕ್ಕೆ ಹಾಕಿ, ಸಾಲು ಮುಗಿದಾಗ ಎಡತುದಿಗೆ ಬನ್ನಿ. ಕೊನೆಯ ಕಾಯಿ ಎತ್ತಿದ ಗುಳಿಗೇ ಬೀಳಬೇಕು. ಈಗ ಮಣೆ 1, 7, 6, 5, 4, 3, 2. ಮತ್ತೆ 7 ಇರುವುದನ್ನೇ ಎತ್ತಿ. ಏಳು ಸಲಕ್ಕೆ ಮೊದಲಿನ ಜೋಡಣೆಗೇ ಬಂದು ನಿಲ್ಲುತ್ತದೆ.

ಬದಿಯಡ್ಕದವ
ತುಂಬಾ ಉಪಕಾರ. ಎದುರು ಗುಳಿ ಬೇಡವೆಂದೇ ಇಡುತ್ತೇವೆ. ಇನ್ನೊಂದು: ಎರಡನೇ ಸುತ್ತಿಗೆ ಒಬ್ಬರಲ್ಲಿ 35, ಇನ್ನೊಬ್ಬರಲ್ಲಿ 21 ಇದ್ದರೆ? ಮಂಜೊಟ್ಟಿ ನಾಲ್ಕೈದು ಕಡಿಮೆ ಇವೆ, ಗುಲಗಂಜಿ ಸೇರಿಸಬಹುದಾ?

ಎಣ್ಮಕಜೆ
ಗುಲಗಂಜಿ ಖಂಡಿತ ಬೇಡ. ಕಪ್ಪು ಕಣ್ಣಿರುವ ಆ ಬೀಜ ವಿಷ, ಮಗು ಜಗಿದು ನುಂಗಿದರೆ ಜೀವಕ್ಕೇ ಅಪಾಯ. ಮಂಜೊಟ್ಟಿ ಪೂರ್ತಿ ಕೆಂಪು, ಚಪ್ಪಟೆ. ಕೊರತೆಗೆ ಹುಣಸೆ ಬೀಜ ಹಾಕಿ. ಅದು ದೊಡ್ಡದು, ಗುಳಿ ತುಂಬಿದಾಗ ಹೊರಗೆ ಉರುಳಬಹುದು, ಅಷ್ಟೇ.

21 ಇದ್ದವರು 5 ಗುಳಿಗೆ 20 ತುಂಬಿ, 1 ಕೈಯಲ್ಲಿ ಇಟ್ಟುಕೊಳ್ಳಬೇಕು. ಉಳಿದ 2 ಗುಳಿಗೆ ಕಡ್ಡಿ ಇಡಿ, ಆ ಸುತ್ತಿನಲ್ಲಿ ಇಬ್ಬರೂ ಅವನ್ನು ಹಾರಿ ಹೋಗಬೇಕು. 35ರವರು 28 ತುಂಬಿ 7 ಉಳಿಸುತ್ತಾರೆ. ಆಟಕ್ಕೆ 12 ಗುಳಿ, 48 ಕಾಯಿ. ಹೊರಡುವ ಗುಳಿಯನ್ನೇ 1 ಎಂದು ಎಣಿಸಿದರೆ ಎತ್ತುವುದು 1, 6, 11, 4, 10. ಕೊನೆಯ ಕಾಯಿ 3ಕ್ಕೆ, 4 ಖಾಲಿ, 5ರಲ್ಲಿ 6. ಇಲ್ಲೂ ಮೊದಲ ಸರದಿಗೆ 6 ಕಾಯಿಯೇ.