ಚಳಿಗಾಲಕ್ಕೆ ಅಡಿಕೆ, ಎರೆ ಹೊಲ, ಹಿತ್ತಲು: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಹೊಳಲ್ಕೆರೆ ತೋಟ
ನಮಸ್ಕಾರ. ಹೊಳಲ್ಕೆರೆ ಹತ್ತಿರ ಎರಡು ಎಕರೆ. ಮಸಾರಿಯಲ್ಲಿ (ಕೆಂಪು ಮಣ್ಣು) ನಾಲ್ಕು ವರ್ಷದ ಅಡಿಕೆ, ಡ್ರಿಪ್ ಇದೆ, ಬೋರಿನ ನೀರು ಗಡಸು. ಅರ್ಧ ಎಕರೆ ಎರೆ (ಕಪ್ಪು ಮಣ್ಣು) ಹೊಲ, ಮೆಕ್ಕೆಜೋಳ ಮುರಿದು ಖಾಲಿ ಬಿದ್ದಿದೆ. ಹಿತ್ತಲಲ್ಲಿ ಹೀರೆ, ಅವರೆ, ಬದನೆ. ಕೊಟ್ಟಿಗೆಯಲ್ಲಿ ಎಳೆಗರು ಇದೆ. ಅಕ್ಟೋಬರ್ ಮುಗಿಯುತ್ತಾ ಬಂತು, ಮಳೆ ನಿಂತು ಇಬ್ಬನಿ ಶುರುವಾಗಿದೆ. ಹೀರೆ ಎಲೆ ಮೇಲೆ ಹಿಟ್ಟು ಉದುರಿಸಿದಂಗೆ ಬಿಳಿ ಚುಕ್ಕೆ ಬಂದಿವೆ. ಯಾವುದನ್ನು ಮೊದಲು ಮಾಡಲಿ?

ಎರೆ ಹೊಲ
ಮೊದಲು ಎರೆ ಹೊಲ, ಅಣ್ಣ. ಮಿಕ್ಕಿದ್ದು ವಾರ ಕಾಯುತ್ತೆ, ತೇವ ಕಾಯಲ್ಲ. ನಾಲ್ಕು ಬೆರಳು ಆಳದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಿದರೆ ಇವತ್ತೇ ಕಡ್ಲೆ ಬಿತ್ತಿ. ನೇಗಿಲು ಹೂಡಬೇಡಿ, ಇರೋ ತೇವವೂ ಆರಿಹೋಗುತ್ತೆ. ಕೂಳೆ ಆಯ್ದು ಕುಂಟೆ ಹೊಡೆದರೆ ಸಾಕು.

ಜೆಜಿ-11 ತಳಿಯ ಕಡ್ಲೆ ಆದರೆ ಅರ್ಧ ಎಕರೆಗೆ 10ರಿಂದ 12 ಕೆಜಿ. ಸೊರಗು ರೋಗ ತಡೆಯೋಕೆ ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯೋ ಶಿಲೀಂಧ್ರದ ಪುಡಿ) ಹಚ್ಚಿ, ಆಮೇಲೆ ಬೆಲ್ಲದ ಅಂಟಿನಲ್ಲಿ ರೈಜೋಬಿಯಂ (ಬೇರಿಗೆ ಸಾರಜನಕ ಒದಗಿಸೋ ಬ್ಯಾಕ್ಟೀರಿಯಾ) ಲೇಪಿಸಿ ನೆರಳಲ್ಲಿ ಆರಿಸಿ. ಸಾಲಿಂದ ಸಾಲಿಗೆ ಒಂದಡಿ, ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಮೂರು ವಾರಕ್ಕೆ ಎಡೆಕುಂಟೆ ಹೊಡೀರಿ. ಕಳೆ ಸಾಯೋದಷ್ಟೇ ಅಲ್ಲ, ಎರೆ ಬಿರುಕು ಮುಚ್ಚಿಕೊಳ್ಳುತ್ತೆ. ತೇವ ಹೋಗೋದೇ ಆ ಬಿರುಕಿನಿಂದ. 30-35 ದಿನಕ್ಕೆ ಕುಡಿ ಚಿವುಟಿದರೆ ಕವಲು ಜಾಸ್ತಿ ಒಡೆಯುತ್ತೆ.

ಅಡಿಕೆ ಸಾಲು
ಅಡಿಕೆಗೆ ಚಳಿಗಿಂತ ನೈಋತ್ಯದ ಇಳಿಬಿಸಿಲೇ ಶತ್ರು. ಈಗ ಸೂರ್ಯ ದಕ್ಷಿಣಕ್ಕೆ ವಾಲಿರೋದರಿಂದ ಮಧ್ಯಾಹ್ನದ ಬಿಸಿಲು ಕಾಂಡಕ್ಕೇ ಬೀಳುತ್ತೆ. ಅಲ್ಲಿ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಸೀಳು ಬಿಡುತ್ತೆ. ಮುಂದೆ ಗಾಳಿಗೆ ಮರ ಮುರಿಯೋದು ಅಲ್ಲೇ. ಸುಣ್ಣವನ್ನು ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ ಆ ಮಗ್ಗುಲಿಗೆ ಬಳಿಯಿರಿ, ಇಲ್ಲವೇ ಅಡಿಕೆ ಹಾಳೆ ಕಟ್ಟಿ.

ಡ್ರಿಪ್ಪಿನ ಫಿಲ್ಟರ್ ತೊಳೆದು, ಪ್ರತಿ ಲ್ಯಾಟರಲ್ (ಸಾಲಿನ ಸಣ್ಣ ಪೈಪು) ತುದಿ ಬಿಚ್ಚಿ, ತಿಳಿನೀರು ಬರೋವರೆಗೆ ಬಿಡಿ. ಗಿಡಕ್ಕೆ ದಿನಕ್ಕೆ 16-20 ಲೀಟರ್ ಬೀಳುತ್ತಾ ಅಂತ ಡ್ರಿಪ್ಪರ್ ಕೆಳಗೆ ಡಬ್ಬಿ ಇಟ್ಟು ಅಳೆಯಿರಿ. ಗಡಸು ನೀರಲ್ಲಿ ಅರ್ಧ ಡ್ರಿಪ್ಪರ್ ಕಟ್ಟಿದ್ದರೂ ಮೇಲೆ ಗೊತ್ತಾಗಲ್ಲ. ಬುಡಕ್ಕೆ ಸೋಗೆ ಮುಚ್ಚಿ, ಕಾಂಡದಿಂದ ಒಂದು ಗೇಣು ದೂರ ಇರಲಿ. ಒಣಸೋಗೆ ತಾಗಿಕೊಂಡಿದ್ದರೆ ಗೆದ್ದಲು ಹತ್ತುತ್ತೆ.

ಹಿತ್ತಲ ಗಿಡ
ಹೀರೆಗೆ ಬಂದಿರೋದು ಬೂದಿರೋಗ. ಹೆಚ್ಚು ಹತ್ತಿದ ಎಲೆ ಕಿತ್ತು ಸುಡಿ. ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಎಲೆಯ ಕೆಳಮೈಗೂ ತಾಗೋ ಹಾಗೆ ಬೆಳಗ್ಗೆ ಇಬ್ಬನಿ ಆರಿದ ಮೇಲೆ ಹೊಡೀರಿ. ಹೀರೆ, ಸೌತೆ ಜಾತಿಗೆ ಗಂಧಕ ಬೇಗ ಸುಡುತ್ತೆ, ಅದಕ್ಕೇ ಮೊದಲು ಎರಡು ಬಳ್ಳಿಗೆ ಹೊಡೆದು ಎರಡು ದಿನ ನೋಡಿ. ನೀರು ಬುಡಕ್ಕೆ, ಬೆಳಗ್ಗೆ ಮಾತ್ರ.

ಕರು ಇರೋ ಕಡೆ ಗಾಳಿ ಬೀಸೋ ಮಗ್ಗುಲಿಗೆ ಗೋಣಿಚೀಲ ಕಟ್ಟಿ, ಮೇಲೆ ಒಂದಡಿ ಬಿಡಿ. ಪೂರ್ತಿ ಮುಚ್ಚಿದರೆ ಗಂಜಲದ ಘಾಟಿಗೆ ಕೆಮ್ಮು ಬರುತ್ತೆ.

ಹೊಳಲ್ಕೆರೆ ತೋಟ
ಅವರೆಗೆ ಹೇನೂ ಬಿದ್ದಿದೆ. ಗಂಧಕದ ಜೊತೆಗೇ ಬೇವಿನೆಣ್ಣೆ ಬೆರೆಸಬಹುದಾ?

ಹಿತ್ತಲ ಗಿಡ
ಬೇಡವೇ ಬೇಡ. ಎಣ್ಣೆ, ಗಂಧಕ ಸೇರಿದರೆ ಎಲೆ ಕರಕಲಾಗುತ್ತೆ. ಒಂದೇ ಗಿಡಕ್ಕಾದರೆ ಎರಡು ವಾರದ ಅಂತರ ಬೇಕು. ಅವರೆಗೆ ಬರೀ ಬೇವಿನೆಣ್ಣೆ ಲೀಟರಿಗೆ 5 ಎಂ.ಎಲ್., ಮೊದಲು ಸೋಪಿನ ನೀರಲ್ಲಿ ಹಾಲಿನಂತೆ ಬೆಳ್ಳಗಾಗೋವರೆಗೆ ಕಲಕಿ, ಸಂಜೆ ಹೊಡೀರಿ. ಪಂಪು ಚೆನ್ನಾಗಿ ತೊಳೆದಿರಲಿ.