ಕ್ಯಾನನ್ ಆರ್7 ಚಿತ್ರ ಮೆತ್ತಗೆ, ಆರ್6 ಮಾರ್ಕ್ 2 ಚಿತ್ರ ಚೂಪು: ಸೆನ್ಸರ್ ಕಾರಣವೇ?

ಮಿಂಚುಳ್ಳಿ:
ನನ್ನ ಹತ್ತಿರ ಚಿಕ್ಕ ಸೆನ್ಸರ್‌ನ ಆರ್7 ಇದೆ, ಲೆನ್ಸ್ ಆರ್‌ಎಫ್ 100-500. ರಂಗನತಿಟ್ಟಿನಲ್ಲಿ ಇದೇ ಲೆನ್ಸನ್ನು ಗೆಳೆಯನ ಫುಲ್ ಫ್ರೇಮ್ (ದೊಡ್ಡ ಸೆನ್ಸರ್‌ನ) ಆರ್6 ಮಾರ್ಕ್ 2ಗೂ ಹಾಕಿ, ಒಂದೇ ದೋಣಿಯಿಂದ ಬಂಡೆ ಮೇಲೆ ಕೂತಿದ್ದ ಒಂದೇ ರಿವರ್ ಟರ್ನ್ ಹಕ್ಕಿಯ ಫೋಟೋ ತೆಗೆದೆವು. 100% ಜೂಮ್ ಮಾಡಿ (ಫೋಟೋದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ನೋಡಿದರೆ ಅವನದು ಚೂಪಾಗಿದೆ. ನನ್ನದರಲ್ಲಿ ಗರಿಯ ಅಂಚು ಕಲಸಿದ ಹಾಗಿದೆ, ಕಪ್ಪು ತಲೆಯಲ್ಲಿ ನಾಯ್ಸ್ (ಕಾಳುಕಾಳು ಚುಕ್ಕೆ) ಕೂಡ ಜಾಸ್ತಿ. ಇದನ್ನು ಮಾರಿ ಫುಲ್ ಫ್ರೇಮ್ ತಗೊಳ್ಳಲಾ?

ಬೆಳ್ಳಕ್ಕಿ:
ಸುಮ್ನೆ ಮಾರಬೇಡಿ. ಆರ್7ನ ಒಂದು ಪಿಕ್ಸೆಲ್ ಸುಮಾರು 3.2 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಆರ್6 ಮಾರ್ಕ್ 2ರದ್ದು ಸುಮಾರು 6. ಅಂದರೆ 100%ನಲ್ಲಿ ನಿಮ್ಮ ಹಕ್ಕಿಯನ್ನು ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗಿಸಿ ನೋಡುತ್ತಿದ್ದೀರಿ, ಕೈ ನಡುಕ, ಫೋಕಸ್ ತಪ್ಪಿದ್ದು ಎಲ್ಲವೂ ಅಷ್ಟೇ ಹಿಗ್ಗುತ್ತದೆ. ಅವರ ಫೋಟೋದಲ್ಲಿ ನಿಮ್ಮಷ್ಟೇ ಜಾಗ ಕ್ರಾಪ್ ಮಾಡಿದರೆ 24 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು ಸುಮಾರು 9, ನಿಮ್ಮ ಹತ್ತಿರ 32.5 ಇದೆ. ಎರಡರಲ್ಲೂ ಹಕ್ಕಿ ಒಂದೇ ಅಳತೆಗೆ ಬರುವ ಹಾಗೆ ಮಾಡಿ, ಆಮೇಲೆ ಹಳದಿ ಕೊಕ್ಕಿನ ಬುಡ ನೋಡಿ.

ನಾಯ್ಸ್ ವಿಷಯವೂ ಹಾಗೇ. ಲೆನ್ಸ್, ದೂರ, ಎಫ್ ನಂಬರ್ (ಲೆನ್ಸ್ ಕಿಂಡಿಯ ಅಳತೆ), ಶಟರ್ ಎಲ್ಲ ಒಂದೇ ಇದ್ದಾಗ ಹಕ್ಕಿಯಿಂದ ಸೆನ್ಸರಿಗೆ ಬರುವ ಬೆಳಕೂ ಅಷ್ಟೇ ಅಲ್ವಾ? ಫುಲ್ ಫ್ರೇಮ್‌ಗೆ ಜಾಸ್ತಿ ಸಿಕ್ಕಿದ್ದು ಸುತ್ತಲಿನ ನೀರಿನ ಬೆಳಕು, ಕ್ರಾಪ್ ಮಾಡಿದ ತಕ್ಷಣ ಅದು ಹೋಯಿತು. ಹತ್ತಿರ ಹೋಗಿ ಫ್ರೇಮ್ ತುಂಬಿಸಲು ಆದಾಗ ದೊಡ್ಡ ಸೆನ್ಸರ್ ಗೆಲ್ಲುತ್ತದೆ, ಅದೂ ಒಂದು ಸ್ಟಾಪ್‌ಗಿಂತ (ಎರಡು ಪಟ್ಟು ಬೆಳಕಿಗಿಂತ) ಜಾಸ್ತಿಯೇ. ರಂಗನತಿಟ್ಟಿನ ದೋಣಿಯಲ್ಲಿ ಅದು ನಮ್ಮ ಕೈಯಲ್ಲಿಲ್ಲ.

ಕಾಜಾಣ:
ಪೂರ್ತಿ ಒಪ್ಪುವುದಿಲ್ಲ. 32.5 ಇದೆ ನಿಜ, ಅಷ್ಟೂ ಕೆಲಸಕ್ಕೆ ಬರುವುದಿಲ್ಲ. 500 ಎಂಎಂನಲ್ಲಿ ಆ ಲೆನ್ಸ್ ಹೆಚ್ಚೆಂದರೆ ತೆರೆಯುವುದೇ ಎಫ್/7.1. ಅಲ್ಲಿ ಡಿಫ್ರಾಕ್ಷನ್‌ನಿಂದ (ಕಿಂಡಿ ದಾಟುವಾಗ ಬೆಳಕು ಬಾಗಿ ಹರಡುವುದರಿಂದ) ಒಂದು ಚುಕ್ಕಿ ಬೆಳಕು 9.5 ಮೈಕ್ರಾನ್‌ನಷ್ಟು ಅಗಲಕ್ಕೆ ಹರಡುತ್ತದೆ, ಅಂದರೆ ಆರ್7ನ ಮೂರು ಪಿಕ್ಸೆಲ್. ವಿವರ ಜಾಸ್ತಿ ಸಿಗುತ್ತದೆ, ಆದರೆ ಲೆಕ್ಕ ಹೇಳುವಷ್ಟಲ್ಲ. ಕಿಂಡಿ ಇನ್ನೂ ಕಿರಿದಾಗುವ ಎಫ್/11 ಕಡೆಗಂತೂ ಹೋಗಲೇಬೇಡಿ. ಹಾರುವ ಹಕ್ಕಿಗೆ ಎಲೆಕ್ಟ್ರಾನಿಕ್ ಶಟರ್ ಕೂಡ ಬೇಡ, ಅದರಲ್ಲಿ ಸೆನ್ಸರನ್ನು ಸಾಲುಸಾಲಾಗಿ ಓದಿ ಮುಗಿಯುವಷ್ಟರಲ್ಲಿ ರೆಕ್ಕೆ ಸೊಟ್ಟಗಾಗಿರುತ್ತದೆ. ಮೆಕ್ಯಾನಿಕಲ್‌ನಲ್ಲೇ ಸೆಕೆಂಡಿಗೆ 15 ಫೋಟೋ ಸಿಗುತ್ತದೆ.

ಎಷ್ಟು ಗಂಟೆಗೆ ತೆಗೆದಿರಿ? ಶಟರ್ ಎಷ್ಟಿತ್ತು?

ಮಿಂಚುಳ್ಳಿ:
ಹನ್ನೊಂದರ ಮೇಲೆ, 1/800 ಸೆಕೆಂಡ್. ಬೆಳ್ಳಕ್ಕಿ ಹೇಳಿದ ಹಾಗೆ ಅವನ ಫೋಟೋ ಹಿಗ್ಗಿಸಿ ಪಕ್ಕದಲ್ಲಿಟ್ಟೆ. ನಾಯ್ಸ್ ಎರಡರಲ್ಲೂ ಹೆಚ್ಚುಕಡಿಮೆ ಒಂದೇ, ಕೊಕ್ಕಿನ ಬುಡ ನನ್ನದರಲ್ಲೇ ಬಿಡಿಸಿ ಕಾಣುತ್ತದೆ. ಬೆನ್ನಿನ ಗರಿ ಮಾತ್ರ ಎರಡರಲ್ಲೂ ಮಸುಕು.

ಕಾಜಾಣ:
ಎರಡರಲ್ಲೂ ಮಸುಕು ಅಂದರೆ ಅದು ಸೆನ್ಸರ್ ಕೆಲಸ ಅಲ್ಲ. ಆ ಹೊತ್ತಿಗೆ ಬಂಡೆ ಕಾದು ಅದರ ಮೇಲಿನ ಗಾಳಿ ಕುಣಿಯುತ್ತಿರುತ್ತದೆ, ಜೊತೆಗೆ ದೋಣಿ ಅಲುಗಾಟ. ಕೂತ ಹಕ್ಕಿಗೂ 1/1600 ಇಡಿ, ಐಎಸ್‌ಒ (ಬೆಳಕಿನ ಸಂವೇದನೆ) ಏರಿದರೆ ಏರಲಿ. ನಾಯ್ಸನ್ನು ಸಾಫ್ಟ್‌ವೇರ್‌ನಲ್ಲಿ ಕಡಿಮೆ ಮಾಡಬಹುದು. ಬೆಳಗ್ಗೆ ಮೊದಲ ದೋಣಿ ಹತ್ತಿ ಎರಡೂ ಕ್ಯಾಮೆರಾದಲ್ಲಿ ಮತ್ತೆ ತೆಗೆಯಿರಿ, ಮಾರುವ ಮಾತು ಆಮೇಲೆ.