ಖಾಲಿ ಕುರ್ಚಿಯ ಹಾಡು: ಬರೀ ಗೋಳಾಟಾನಾ, ನಿಜವಾದ ಸಂಕಟಾನಾ?

ರಾಗಪ್ರಿಯ: ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದ ಅಂತರ್ಯುದ್ಧದ ಕಾಲದ ‘ದಿ ವೇಕೆಂಟ್ ಚೇರ್’ (ಖಾಲಿ ಕುರ್ಚಿ) ಹಾಡನ್ನ ನಿನ್ನೆ ರಾತ್ರಿ ಮತ್ತೆ ಕೇಳಿದೆ. ಮಗ ಯುದ್ಧದಲ್ಲಿ ತೀರಿಹೋಗಿದಾನೆ, ಮನೆಯವರೆಲ್ಲ ಸೇರಿದಾರೆ, ಅವನ ಕುರ್ಚಿ ಮಾತ್ರ ಖಾಲಿ. ಅಷ್ಟೇ ಇರೋದು. ಕಣ್ಣು ತುಂಬಿಬಂತು. ಇದನ್ನ ಗೋಳಾಟ ಅಂತ ಯಾಕೆ ತಳ್ಳಿಹಾಕ್ತಾರೋ.

ನೇರನುಡಿ: ಹಾಗೆ ತಳ್ಳಿಹಾಕೋರಲ್ಲಿ ನಾನೂ ಒಬ್ಬ. ಆಗ ಹಾಡುಗಳನ್ನ ಸ್ವರಲಿಪಿ ಸಮೇತ ಅಚ್ಚು ಹಾಕಿ ಮಾರೋದು ದೊಡ್ಡ ವ್ಯಾಪಾರ ಆಗಿತ್ತು. ಇದಕ್ಕೆ ರಾಗ ಹಾಕಿದ ಜಾರ್ಜ್ ರೂಟ್ ಅವರದ್ದೇ ಶಿಕಾಗೋದಲ್ಲಿ ಪ್ರಕಾಶನ ಇತ್ತು, 1862ರಲ್ಲಿ ಸೈನಿಕರನ್ನ ಹುರಿದುಂಬಿಸೋ ಹಾಡನ್ನೂ ಅವರೇ ಬರೆದ್ರು. ಮಗನ್ನ ಕಳಿಸಿ ಅಂತಾನೂ ಹಾಡೋದು, ಅವನು ಸತ್ತಾಗ ಕಣ್ಣೀರೂ ಹಾಕ್ಸೋದು, ನಂಗಿದು ಒಪ್ಪಿಗೆ ಆಗಲ್ಲ.

ಹಳೇಪುಟ: ಸರ್, ರೂಟ್ ವಿಷಯ ಸರಿ, ಆದ್ರೆ ಪದ್ಯ ಅವರದ್ದಲ್ಲ, ಹೆನ್ರಿ ವಾಶ್‌ಬರ್ನ್ ಅವರದ್ದು, ಅದೂ ಕಲ್ಪನೆ ಮಾಡ್ಕೊಂಡು ಬರೆದಿದ್ದಲ್ಲ. ಉತ್ತರದ ಕಡೆಯ ಮ್ಯಾಸಚೂಸೆಟ್ಸ್ ರಾಜ್ಯದ 15ನೇ ರೆಜಿಮೆಂಟಿನ ಲೆಫ್ಟಿನೆಂಟ್ ಜಾನ್ ವಿಲಿಯಂ ಗ್ರೌಟ್ ಅನ್ನೋ 18 ವರ್ಷದ ಹುಡುಗ 1861ರ ಅಕ್ಟೋಬರ್ 21ಕ್ಕೆ ಬಾಲ್ಸ್ ಬ್ಲಫ್ ಕಾಳಗದಲ್ಲಿ ಸತ್ತ. ಅವನ ಪಡೆಯ ಬೆನ್ನಿಗೆ ಕಡಿದಾದ ದಿಬ್ಬ, ಅದರ ಕೆಳಗೆ ಪೊಟೊಮ್ಯಾಕ್ ನದಿ, ದೋಣಿ ನಾಲ್ಕಾರು, ಎಷ್ಟೋ ಜನ ನೀರಲ್ಲೇ ಹೋದ್ರು. ಮುಂದಿನ ತಿಂಗಳೇ ಥ್ಯಾಂಕ್ಸ್‌ಗಿವಿಂಗ್, ಎಲ್ಲರೂ ಒಟ್ಟಿಗೆ ಊಟಕ್ಕೆ ಕೂರೋ ದಿನ. ಆ ಕುರ್ಚಿ ನಿಜವಾಗ್ಲೂ ಒಬ್ಬನದ್ದು.

ಸಂಜೆಗಾಳಿ: ಅದರಲ್ಲಿ ಉತ್ತರ ದಕ್ಷಿಣ ಅಂತ ಒಂದು ಮಾತೂ ಇಲ್ಲ, ಗಮನಿಸಿದೀರಾ? ಅದಕ್ಕೇ ಎದುರು ಪಾಳಯದ, ಅಂದ್ರೆ ದಕ್ಷಿಣದವರ ಮನೆಗಳಲ್ಲೂ ಅದನ್ನೇ ಹಾಡ್ತಿದ್ರು. ಇನ್ನೊಂದು, ಅವನಿಗೆ ಕೀರ್ತಿಯ ಹಾರ ಸಿಗುತ್ತೆ ಅಂತ ‘ಜನ ಹೇಳ್ತಾರೆ’ ಅಂತಿದೆ ಹಾಡಲ್ಲಿ, ‘ನಾವು ಹೇಳ್ತೀವಿ’ ಅಂತಿಲ್ಲ. ಆ ಮಾತಿಂದ ನೋವು ಒಂಚೂರು ತಣ್ಣಗಾಗುತ್ತೆ, ಅಷ್ಟೇ. ಇದು ಹೆತ್ತವರ ದನಿ ರೀ! ನಮ್ಮಣ್ಣ ಸೈನ್ಯಕ್ಕೆ ಸೇರಿದ ವರ್ಷ ಅಮ್ಮ ಪ್ರತಿರಾತ್ರಿ ಅವನ ತಟ್ಟೆನೂ ಇಟ್ಟು ಆಮೇಲೆ ಸುಮ್ನೆ ಎತ್ತಿಡ್ತಿದ್ರು, ಅಣ್ಣ ಬದುಕಿದ್ದಾಗಲೇ ಹಾಗೆ, ಇನ್ನು ಸತ್ತವರ ಮನೇಲಿ ಹೇಗಿರಬೇಡ.

ಹಳೇಪುಟ: ಆ ಯುದ್ಧದಲ್ಲಿ ಸತ್ತೋರು ಹಳೇ ಲೆಕ್ಕದಲ್ಲೇ ಸುಮಾರು 6,20,000. ಸೈನಿಕರಿಗೆ ಸರ್ಕಾರ ಗುರುತಿನ ಬಿಲ್ಲೆನೂ ಕೊಡ್ತಿರಲಿಲ್ಲ, ಎಷ್ಟೋ ಅಪ್ಪ ಅಮ್ಮಂದಿರಿಗೆ ಮಗನ ಸಮಾಧಿ ಎಲ್ಲಿದೆ ಅಂತಾನೇ ತಿಳೀಲಿಲ್ಲ. ಅಳೋಕೆ ಅವರಿಗೆ ಉಳಿದಿದ್ದೇ ಮನೇಲಿರೋ ಕುರ್ಚಿ.

ನೇರನುಡಿ: ವ್ಯಾಪಾರದ ಬಗ್ಗೆ ನಾನಂದಿದ್ದನ್ನ ವಾಪಸ್ ತಗೊಳಲ್ಲ. ಆದ್ರೆ ‘ಜನ ಹೇಳ್ತಾರೆ’ ಅನ್ನೋದನ್ನ ನಾನು ಇಷ್ಟು ದಿನ ಗಮನಿಸಿರಲೇ ಇಲ್ಲ, ಸಂಜೆಗಾಳಿ ಮೇಡಂ. ಇವತ್ತು ಪೂರ್ತಿ ಕೇಳ್ತೀನಿ.